ಹೆರೆದ ಹಲಗೆ

ಸೌ-ಹಾ ಎಂಬ ಕೆತ್ತನೆಗಾರ್ತಿಗೆ ಓದು ಬಾರದು. ಮಾಗಾಂಗ್ ಹಳ್ಳಿಯಲ್ಲಿ ಪುಸ್ತಕ ಅಚ್ಚೊತ್ತುವ ಮರದ ಹಲಗೆ ಕೆತ್ತುವ ಹೆಂಗಸರು ಯಾರೂ ಓದಿದವರಲ್ಲ. ಬರೆದ ತೆಳುಹಾಳೆಯನ್ನು ಮರಕ್ಕೆ ಮಗುಚಿ ಅಂಟಿಸುವುದು, ಮಸಿ ಕಂಡಲ್ಲಿ ಬಿಟ್ಟು ಉಳಿದದ್ದನ್ನು ಕೆತ್ತಿ ತೆಗೆಯುವುದು. ಹುಡುಗಿಯಾಗಿದ್ದಾಗಿನಿಂದ ಅವಳು ಅಕ್ಷರಗಳ ಬೆನ್ನನ್ನೇ ನೋಡುತ್ತ ಬಂದಿದ್ದಳು. ಮದುವೆ ಬೇಡವೆಂದು ಕುನ್‌ಯಾಮ್ ದೇವಿತಾಯಿಯ ಎದುರು ಆಣೆಯಿಟ್ಟು ತಾನೇ ತುರುಬು ಕಟ್ಟಿಕೊಂಡವಳು. ಅವಳಂತೆಯೇ ತುರುಬು ಕಟ್ಟಿ ಜೊತೆಗಿದ್ದ ಗೆಳತಿಯರು ಒಬ್ಬೊಬ್ಬರಾಗಿ ತೀರಿಹೋದ ಮೇಲೆ ಆ ಮನೆಯಲ್ಲಿ ಉಳಿಯ ಸದ್ದೊಂದೇ ಉಳಿದಿತ್ತು.

ಚಳಿ ಶುರುವಾದಾಗ ಪುಸ್ತಕದಂಗಡಿಯ ಚೋಯ್ ಬಂದ. ಸೂಚೌ ಊರಿನ ಕಾದಂಬರಿಕಾರರ ಪತ್ರ ಅವನ ಅಂಗಿಯ ತೋಳಿನೊಳಗಿತ್ತು. ಅಂಗಡಿಗೂ ಅವರಿಗೂ ಬಹಳ ದಿನದಿಂದ ಪತ್ರ ಓಡಾಡುತ್ತಿತ್ತು: ಕಾಗದ ಒರಟು, ಗೆರೆ ದಪ್ಪ, ಕೆಲಸ ನಿಧಾನ ಎಂದು ಅವರ ದೂರು. ಈ ಸಲ, ಸೌ-ಹಾ ಕೆತ್ತಿದ ಒಂದು ಹಲಗೆಯನ್ನು ಹೆರೆದು, ಅದರ ಮೇಲೆ ಬೇರೆ ಪುಟ ಕೆತ್ತಬೇಕೆಂದು ಬರೆದಿದ್ದರು.

ಅವಳು ಕೆಲಸಕ್ಕೆ ಎದುರಾಡುವವಳಲ್ಲ. ಆದರೆ ಆ ಹಲಗೆಯನ್ನು ಜ್ವರದಲ್ಲಿ, ಒಂದು ಲೋಟ ಬಿಸಿನೀರು ಕೊಡುವವರಿಲ್ಲದೆ, ಕೂತು ಮುಗಿಸಿದ್ದಳು.

"ಹೆರೆಯೋಕ್ ಮುಂಚೆ ಇದ್ರಲ್ಲೇನಿದೆ ಅಂತ ಓದಿ ಹೇಳಪ್ಪ."

"ಅಡುಗೆ ಮಾಡಿದೋಳೇ ರುಚಿ ಕೇಳ್ತೀಯಲ್ಲಕ್ಕ," ಎಂದು ಚೋಯ್ ನಕ್ಕ. "ತಿರುವುಮುರುವು ಓದೋಕೆ ನನ್ ಕೈಲಾಗಲ್ಲ. ಒಂದು ಪ್ರತಿ ತೆಗಿ."

ಅವಳು ಮಸಿ ಸವರಿ ಪ್ರತಿ ತೆಗೆದಳು. ಅವನು ಓದಿದ. ಪುಟದಲ್ಲಿದ್ದವಳು ದೋಣಿ ನಡೆಸುವವನೊಬ್ಬನ ಅಕ್ಕ. ಆ ತಮ್ಮ ಪ್ರವಾಹದಲ್ಲಿ ಕೊಚ್ಚಿಹೋದವನು. ಪ್ರತಿ ಸಂಜೆ ಅವಳು ಹೊಳೆಯ ಕಡೆ ತಿರುಗಿ ಒಮ್ಮೆ ಅವನ ಹೆಸರು ಹಿಡಿದು ಕೂಗಿ, ಆಮೇಲೆ ಬಾಗಿಲು ಹಾಕಿಕೊಳ್ಳುತ್ತಾಳೆ. ಅಷ್ಟೇ.

"ಇವಳನ್ಯಾಕೆ ತೆಗೀತಾರೆ?"

"ಮುಂದಿನ ಪುಟದಲ್ಲಿ ಮದುವೆ ಇದೆಯಕ್ಕ. ಓದೋರಿಗೆ ಇವಳು ಅಡ್ಡ ಅಂತೆ."

ಸೌ-ಹಾ ಉಳಿಯನ್ನು ಒರೆಸುತ್ತ ಕೂತಳು. "ಇವಳು ಇರ್ಲಿ ಅಂತ ಒಂದು ಮಾತು ಬರಿ. ಕೆತ್ತಿದೋಳು ಕೇಳ್ಕೊಂಡ್ಳು ಅಂತ."

ನಗಲು ಹೊರಟ ಚೋಯ್ ಅವಳ ಮುಖ ನೋಡಿದ. ಅಂಗಡಿಯ ಪತ್ರದ ಕೊನೆಗೆ ಆ ಮಾತನ್ನೂ ಸೇರಿಸಿದ.

ಹೊಸ ವರ್ಷ ಕಳೆದ ಮೇಲೆ ಉತ್ತರ ಬಂತು. ಚೋಯ್ ಪೂರ್ತಿ ಓದಿದ. ಹೊದಿಕೆ ನೀಲಿ ಇರಲಿ, ದಾರ ಗಟ್ಟಿ ಇರಲಿ, ಹೆರೆಯುವ ಕೆಲಸ ಬೇಗ ಆಗಲಿ.

"ಅಷ್ಟೇನಾ?"

"ಅಷ್ಟೇ ಅಕ್ಕ."

ಮರುದಿನ ದೇವಿತಾಯಿಗೆ ಊದುಬತ್ತಿ ಹಚ್ಚಿ, ಹಲಗೆಯನ್ನು ಹೆರೆದಳು. ಹೊಸ ಪುಟ ಅಂಟಿಸಿ ಒಣಗಲು ಇಟ್ಟಳು.

ಅಂದು ತೆಗೆದ ಪ್ರತಿ ಉಳಿದಿತ್ತು. ನೇರವಾಗಿ ನೋಡಿದರೆ ಒಂದು ಅಕ್ಷರವೂ ಪರಿಚಯದ್ದಲ್ಲ. ಬೆಳಕಿಗೆ ಹಿಡಿದು ಹಿಂಬದಿಯಿಂದ ನೋಡಿದಾಗ ಎಲ್ಲವೂ ಅವಳ ಕೈ ಬಲ್ಲ ಗೆರೆಗಳೇ. ಕಿಟಕಿಗೆ ಗಾಜಿನ ಬದಲು ಅಂಟಿಸಿದ್ದ ಕಾಗದ ಹರಿದಿದ್ದ ಕಡೆ ಅದನ್ನು ಹಾಗೆಯೇ ಅಂಟಿಸಿದಳು, ಬೆನ್ನು ತನ್ನ ಕಡೆಗೆ, ಮುಖ ಹೊರಗಿನ ಮೀನುಕೊಳದ ದಾರಿಗೆ. ಆ ದಾರಿಯಲ್ಲಿ ಓದು ಬಲ್ಲವರು ನಡೆಯುವುದು ಅಪರೂಪ.