ದಡ್ಡಿಯ ಹೊಲದಲ್ಲಿ ಮೀನು ಸಾಯಬಾರದು

ನಾನು ಹಿಡಿದ ಹೊಲದಲ್ಲಿ ಮೀನು ಸಾಯಬಾರದು. ಹೊಲದ ಒಡತಿ ನೀಲವ್ವ ನನಗೆ ಹಾಕಿದ ಕರಾರು ಅದೊಂದೇ. ಬಾಡಿಗೆಯ ಮಾತು ಆಮೇಲೆ ಬಂತು.

ಅಂಕೋಲೆ ಕಡೆಯ ನನ್ನ ಜನರಿಗೆ ಇದು ಹೇಗೆ ಕೇಳಿಸುತ್ತದೆಂದು ನನಗೆ ಗೊತ್ತು. ನಮ್ಮಲ್ಲಿ ಮೀನು ಎಂದರೆ ಸತ್ತ ಮೀನೇ. ಬುಟ್ಟಿಯಲ್ಲಿ, ಮಂಜುಗಡ್ಡೆಯ ಮೇಲೆ, ಬಿಸಿಲಿಗೆ ಹರವಿದ ಚಾಪೆಯ ಮೇಲೆ. ಇಲ್ಲಿ, ಹುಕ್ಕೇರಿ ತಾಲ್ಲೂಕಿನ ದಡ್ಡಿಯಲ್ಲಿ, ಹಣೆಗೆ ವಿಭೂತಿ ಹಚ್ಚಿ ಕೊರಳಲ್ಲಿ ಲಿಂಗ ಕಟ್ಟಿಕೊಂಡ ನೀಲವ್ವನಂಥವರ ಮನೆಯಲ್ಲಿ ಊಟದ ಹೊತ್ತಿಗೆ ಮೀನಿನ ಹೆಸರನ್ನೂ ಎತ್ತುವುದಿಲ್ಲ.

"ಸಾಕೂದಕ್ಕ ಬ್ಯಾಡ ಅನ್ನಂಗಿಲ್ಲ ತಮ್ಮಾ," ಎಂದಿದ್ದರು ಅವರು ಮೊದಲ ದಿನ. "ಆಡು ಸಾಕಿ ಸಂತಿಗೆ ಹೊಡಕೊಂಡ ಹೋಗ್ತಾರಲ್ಲ, ಹಂಗ ತಿಳಕೋತೀನಿ. ಜೀವಂತ ತಂದಿ, ಜೀವಂತ ಒಯ್ಯಿ. ಇಲ್ಲೇ ಸತ್ತು ನಾರಿದ್ರ ಮಾತ್ರ ಅವತ್ತ ಗಂಟು ಕಟ್ಟು."

ಆಗಲಿ ಅಂದೆ. ಐದನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಅಪ್ಪನ ದೋಣಿ ನಡೆಸಿದವನು. ದೋಣಿ ಹೊಟ್ಟೆ ತುಂಬಿಸದಾದಾಗ ಕರಣೆ ಹಿಡಿದು ಸಿಗಡಿ ಹೊಂಡಗಳಿಗೆ ಗಾರೆ ಮಾಡಿದವನು. ಮೀನೂ ಗೊತ್ತು, ಸಿಮೆಂಟೂ ಗೊತ್ತು, ಇನ್ನೇನು ಬೇಕು ಎಂಬ ಠೇಂಕಾರ ಇತ್ತು. ಇಲ್ಲಿಗೆ ಬಂದದ್ದು ಹತ್ತರಗಿಯಲ್ಲಿ ಹೆದ್ದಾರಿ ಬದಿಯ ಕಟ್ಟಡಗಳಿಗೆ ಗಾರೆ ಮಾಡಲು. ಗಾರೆಗೆ ಇಲ್ಲಿ ಗಿಲಾವು ಅನ್ನುತ್ತಾರೆ, ತೊಟ್ಟಿಗೆ ಟಾಕಿ. ಹಿರಿಯರಿಗೆ ನಮ್ಮ ಹಾಗೆ "ಬನ್ನಿ" ಅಂದರೆ ನಗುತ್ತಾರೆ, "ಬರ್ರಿ" ಅನ್ನಬೇಕು. ಇದನ್ನೆಲ್ಲ ಕಲಿತೆ. ಜೋಳದ ರೊಟ್ಟಿ, ಶೇಂಗಾ ಹಿಂಡಿಯನ್ನು ನಾಲಿಗೆಯೂ ಕಲಿತುಕೊಂಡಿತು. ಊರಿಂದ ತಂದಿದ್ದ ಒಣಮೀನನ್ನು ಮಾತ್ರ ಬಾಡಿಗೆ ಕೋಣೆಯಲ್ಲಿ ಸುಡುವಂತಿರಲಿಲ್ಲ. ಡಬ್ಬಿಯ ಮುಚ್ಚಳ ತೆರೆದು ಒಂದು ಸಲ ಮೂಸಿ, ಮತ್ತೆ ಮುಚ್ಚಿಡುತ್ತಿದ್ದೆ. ಒಂಟಿತನ ಅಂದರೆ ನನಗೆ ಆ ಡಬ್ಬಿಯೇ.

ಮೂಡಲಗಿ ಹತ್ತಿರ ಒಬ್ಬರ ತೋಟಕ್ಕೆ ಗಿಲಾವಿಗೆ ಹೋದಾಗ ಮೊದಲ ಸಲ ಈ ಬೇಸಾಯ ಕಂಡೆ. ಮೀನಿನ ಟಾಕಿಯ ನೀರು ಜಲ್ಲಿಕಲ್ಲಿನ ಮಡಿಗೆ ಹೋಗುತ್ತದೆ. ಮೀನಿನ ಹೊಲಸೇ ಸೊಪ್ಪಿಗೆ ಗೊಬ್ಬರ. ಸೊಪ್ಪಿನ ಬೇರು ಸೋಸಿದ ನೀರು ಮತ್ತೆ ಟಾಕಿಗೆ ಬರುತ್ತದೆ. ಮಣ್ಣೇ ಇಲ್ಲ. ಸಮುದ್ರ ಬಿಟ್ಟ ಮೇಲೂ ಮೀನಿನ ಜೊತೆಗೇ ಇರಬಹುದು ಅನ್ನಿಸಿತು. ದೋಣಿಯಲ್ಲಿದ್ದ ನನ್ನ ಪಾಲನ್ನು ಭಾವನಿಗೆ ಮಾರಿ ನೀಲವ್ವನ ಹೊಲದ ಮೂಲೆ ಹಿಡಿದು, ಎರಡು ಕಾಂಕ್ರೀಟ್ ಟಾಕಿಗಳನ್ನು ನನ್ನ ಕೈಯಿಂದಲೇ ಕಟ್ಟಿದೆ. ಸೊಪ್ಪಿನಲ್ಲಿ ಅರ್ಧ ಅವರಿಗೆ. ಟಾಕಿಯಲ್ಲಿ ನೀರು ನಿಂತರೆ ಹೆಂಡತಿ ನಾಗವೇಣಿ ಮಗಳನ್ನು ಕರೆದುಕೊಂಡು ಇಲ್ಲಿಗೇ ಬರುವುದೆಂದು ಮಾತಾಗಿತ್ತು.

ನೀರು ನಿಲ್ಲಲಿಲ್ಲ. ಸಂಜೆ ತುಂಬಿಸಿದರೆ ಬೆಳಿಗ್ಗೆ ಗೋಡೆ ಬೆವರುತ್ತಿತ್ತು, ನೀರು ಗೇಣು ಇಳಿದಿರುತ್ತಿತ್ತು.

ಗೋಕಾಕದ ಅಂಗಡಿಗೆ ಹೋದೆ. ಅಂಗಡಿಯ ಕಾಕಾ ಒಂದೊಂದೇ ಡಬ್ಬಿ ಇಳಿಸಿದರು. ಗಚ್ಚಿಗೆ, ಅಂದರೆ ತಾರಸಿಗೆ, ಬಳಿಯುವ ಬಣ್ಣ ಇತ್ತು. ಅದರಲ್ಲಿ ಪಾಚಿ, ಬೂಸು ಕೊಲ್ಲುವ ಔಷಧ ಸೇರಿರುತ್ತದೆಂದು ನನಗೆ ಗೊತ್ತಿತ್ತು. ಎರಡು ಡಬ್ಬಿ ಬೆರೆಸಿ ಹಚ್ಚುವ ಎಪಾಕ್ಸಿಯ ಬೆಲೆ ಕೇಳಿಯೇ ಕೈ ಹಿಂದೆ ತೆಗೆದೆ.

"ಡಾಂಬರ ಹಚ್ಚಿ ಬಿಡ್ರಿ, ಅಗ್ಗ ಆಗತೈತಿ," ಅಂದರು ಕಾಕಾ.

"ಮೀನು ಬಿಡೋ ಟಾಕಿ ಅದು."

"ಮೀನಿಗೇನ್ರಿ? ನಮ್ಮ ಮನಿಗೂ ಇಷ್ಟ ವಿಚಾರ ಮಾಡಿಲ್ಲ ನಾ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನನಗೆ ಸಿಟ್ಟು ಬಂತು. ದೋಣಿಯ ಮನೆತನದವನಿಗೆ ನೀರು ತಡೆಯುವುದನ್ನು ಇವರು ಹೇಳಿಕೊಡಬೇಕೆ? ಮರಳುವ ಬಸ್ಸಿನಲ್ಲೇ ಭಾವನಿಗೆ ಫೋನ್ ಮಾಡಿ, ನಾವು ದೋಣಿಗೆ ಹಚ್ಚುವ ಗೇರುಬೀಜದ ಸಿಪ್ಪೆಯ ಎಣ್ಣೆ ಒಂದು ಡಬ್ಬ ಬಸ್ಸಿಗೆ ಹಾಕಿಸು ಅಂದೆ. ಅಪ್ಪ, ಅಜ್ಜ ಎಲ್ಲ ಅದನ್ನೇ ಹಚ್ಚಿದವರು. ಅದು ಕುಡಿದ ಹಲಗೆಗೆ ಎಷ್ಟು ಮಳೆಗಾಲ ಕಳೆದರೂ ನೀರು ಹಿಡಿಯುವುದಿಲ್ಲ.

ಒಂದು ಟಾಕಿಗೆ ಎರಡು ಕೈ ಬಳಿದೆ. ಕಪ್ಪಗೆ ಮಿರಮಿರ ಮಿಂಚಿತು. ಚೆನ್ನಾಗಿ ಒಣಗಲು ಬಿಟ್ಟು, ತೊಳೆದು, ನೀರು ತುಂಬಿಸಿದರೆ ಒಂದು ಹನಿಯೂ ಜಿನುಗಲಿಲ್ಲ. ಪರೀಕ್ಷೆಗೆಂದು ಮೂರು ರೋಹು ಮರಿ ಬಿಟ್ಟೆ. ಆ ದಿನ ನಾಗವೇಣಿಗೆ ಫೋನ್ ಮಾಡಿ ಹೇಳಿದ ಮಾತು ನೆನಪಿದೆ: ಸಾಮಾನು ಕಟ್ಟು.

ಮರುದಿನ ಮಧ್ಯಾಹ್ನ ರೊಟ್ಟಿ ತಂದ ನೀಲವ್ವ ಟಾಕಿಯೊಳಗೆ ಬಗ್ಗಿ ನೋಡಿದರು.

"ಇವೇನ ತಮ್ಮಾ, ಮ್ಯಾಲ ಬಂದು ಬಾಯಿ ಬಿಡಾಕತ್ತಾವ? ನೀರಡಿಕಿ ಆಗೇತೇನ?"

ನಾನು ಓಡಿಬಂದು ನೋಡಿದೆ. ಮೂರೂ ನೀರಿನ ಮೇಲೆ ಬಾಯಿ ಕಳೆದು ಉಸಿರಿಗೆ ಒದ್ದಾಡುತ್ತಿದ್ದವು. ಒಂದು ವಾಲಿಕೊಂಡಿತ್ತು. ಎಣ್ಣೆ ಹಚ್ಚಿದಾಗ ನನ್ನ ಅಂಗೈಯಲ್ಲಿ ಎದ್ದ ಬೊಕ್ಕೆಗಳು ಆಗ ಕಣ್ಣಿಗೆ ಬಿದ್ದವು. ದೋಣಿಗೆ ಅದನ್ನು ಹಚ್ಚುವುದು ನೀರಿಗಷ್ಟೇ ಅಲ್ಲ, ಹಲಗೆ ಕೊರೆಯುವ ಹುಳ ಸಾಯಲಿ ಎಂದು. ಸಮುದ್ರದ ಮೀನು ದೋಣಿಯ ಹೊರಗಿರುತ್ತದೆ, ಅದಕ್ಕೆ ಇಡೀ ಸಮುದ್ರ ಇದೆ. ಈ ಮೀನುಗಳು ಎಣ್ಣೆ ಹಚ್ಚಿದ ಗೋಡೆಯ ಒಳಗಿದ್ದವು.

"ಬೇರೆ ನೀರು ಬೇಕು, ಈಗಲೇ," ಅಂದೆ. ಸುತ್ತ ಬೇರೆ ನೀರಿರಲಿಲ್ಲ. ಬೋರಿಗೆ ಕರೆಂಟಿರಲಿಲ್ಲ.

ನೀಲವ್ವ ರೊಟ್ಟಿಯ ಬುತ್ತಿ ಕೆಳಗಿಟ್ಟರು. ಆಮೇಲೆ ಹೊಲದ ಮನೆಯ ಕಟ್ಟೆಯ ಮೇಲಿದ್ದ ಅವರ ಕುಡಿಯುವ ನೀರಿನ ಬ್ಯಾರಲ್ಲಿನ ಮುಚ್ಚಳ ತೆಗೆದರು. ಮೀನು ತಿನ್ನುವ ನಾನು ಮುಟ್ಟದಂತೆ ಬೇರೆ ತಂಬಿಗೆ ಇಟ್ಟ ನೀರು ಅದು.

"ಬಿಡು ಇದರಾಗ. ಲಗೂ ಬಿಡು. ನೋಡ್ಕೋಂತ ನಿಂತೀಯಲ್ಲ."

ಎರಡು ಉಳಿದವು. ವಾಲಿದ್ದು ಸಂಜೆಯೊಳಗೆ ಬೆಳ್ಳನೆಯ ಹೊಟ್ಟೆ ಮೇಲಾಗಿ ಸತ್ತಿತು.

ನಮ್ಮಲ್ಲಾದರೆ ಅದನ್ನು ತೆಂಗಿನ ಬುಡಕ್ಕೆ ಎಸೆಯುತ್ತಿದ್ದೆವು. ನೀಲವ್ವ ಬದುವಿನ ಪಕ್ಕ ಕುಣಿ ತೋಡಿಸಿದರು. ಇವರಲ್ಲಿ ಸತ್ತವರನ್ನು ಸುಡುವುದಿಲ್ಲ, ಹೂಳುತ್ತಾರೆ. ನಾನು ಮಣ್ಣು ಎಳೆಯುವಾಗ ಅವರು ಸೊಂಟದ ಚೀಲದಿಂದ ಚಿಟಿಕೆ ವಿಭೂತಿ ತೆಗೆದು ಹಾಕಿದರು. ನಾನು ತಲೆ ತಗ್ಗಿಸಿ, ಗಂಟು ಕಟ್ಟಲೇ ಎಂದು ಕೇಳಿದೆ.

"ಇದು ನಾರಿಲ್ಲ. ಹಂಗಾಗಿ ಬಿಟ್ಟೀನಿ," ಎಂದರು. "ಇನ್ನೊಂದ ಸತ್ರ ಬಿಡಂಗಿಲ್ಲ." ಹೊರಟವರು ತಿರುಗಿ ನಿಂತು ಕೇಳಿದರು: "ಊರಾಗ ನಮ್ಮ ಮನಿ ಕುಡಿಯೂ ನೀರಿನ ಟಾಕಿ ಸೋರತಿತ್ತು. ಗಿಲಾವಿನ ಗೌಂಡಿ ಅದೇನೋ ಬೂದಿ ಬಣ್ಣದ್ದು ಹಚ್ಚಿ ಹೋದ. ನಮಗ ಆಗೂದು ಮೀನಿಗೆ ಆಗೂದಿಲ್ಲೇನ?"

ಮತ್ತೆ ಗೋಕಾಕಕ್ಕೆ ಹೋದೆ. ಈ ಸಲ ಕಾಕಾನ ಮುಂದೆ ತಲೆ ಎತ್ತಿ ಕೇಳುವ ಗತ್ತು ಇರಲಿಲ್ಲ. ಕುಡಿಯುವ ನೀರಿನ ಟಾಕಿಗೆ ಹಚ್ಚುವಂಥದ್ದು, ಸಿಮೆಂಟ್ ಪುಡಿ ಮತ್ತು ಹಾಲಿನಂಥ ದ್ರವ ಕಲಸಿ ಬಳಿಯುವಂಥದ್ದು ಇದೆಯೇ ಎಂದೆ. ಇತ್ತು. ಚೀಲದ ಮೇಲೆ ಬರೆದದ್ದನ್ನು ಅವರಿಂದ ಎರಡು ಸಲ ಓದಿಸಿಕೊಂಡೆ. ಎಪಾಕ್ಸಿಗಿಂತ ಅಗ್ಗ, ಆದರೂ ನನ್ನ ಕೈಯಲ್ಲಿದ್ದದ್ದು ಒಂದು ಟಾಕಿಗೆ ಮಾತ್ರ ಸಾಕಾಯಿತು.

ಎಣ್ಣೆ ಕುಡಿದ ಟಾಕಿಯನ್ನು ಹಾಗೇ ಬಿಟ್ಟೆ. ಅದರ ಗಿಲಾವು ಕೆತ್ತುವ ಶಕ್ತಿ ಈಗ ಇಲ್ಲ. ಇನ್ನೊಂದಕ್ಕೆ ಬಿರುಕು ತುಂಬಿ, ಅಡ್ಡ ಒಂದು ಕೈ, ಉದ್ದ ಒಂದು ಕೈ ಬಳಿದೆ. ಒಣಗಿದ ಮೇಲೆ ನೀರು ತುಂಬಿಸಿ ಬಾಳೆದಿಂಡು ಕೊಚ್ಚಿ ಹಾಕಿದೆ, ಸಿಮೆಂಟಿನ ಸುಣ್ಣದ ಖಾರ ಇಳಿಯಲೆಂದು. ಆ ನೀರು ಚೆಲ್ಲಿ ಮತ್ತೆ ತುಂಬಿಸಿದೆ. ಅರಭಾವಿಯ ತೋಟಗಾರಿಕೆ ಕಾಲೇಜಿನಿಂದ ತಂದ ಪರೀಕ್ಷೆಯ ಕಾಗದ ಅದ್ದಿದರೆ ಆ ಖಾರದ ನೀಲಿ ತೋರಿಸುವುದು ನಿಲ್ಲುವವರೆಗೂ ಇದೇ ಕೆಲಸ. ಅಷ್ಟೂ ದಿನ ಎರಡು ರೋಹುಗಳು ನೀಲವ್ವನ ಬ್ಯಾರಲ್ಲಿನಲ್ಲೇ ಇದ್ದವು. ಅವರು ಊರಿಂದ ಕೊಡ ಹೊತ್ತು ತಂದು ಕುಡಿದರು. ಒಂದು ದಿನವೂ ಆಡಿ ತೋರಿಸಲಿಲ್ಲ.

ಈಗ ಆ ಎರಡನ್ನು ಹೊಸ ಟಾಕಿಗೆ ಬಿಟ್ಟಿದ್ದೇನೆ. ನೀರು ಇಳಿದಿಲ್ಲ. ಇವು ಬದುಕಿದರೆ ಉಳಿದ ಮರಿ ತರಬೇಕು.

ನಾಗವೇಣಿ ದಿನಾ ಫೋನ್ ಮಾಡುತ್ತಾಳೆ. "ಮಗಳ ಟೀಸಿ ತೆಗೆಸ್ಲಾ, ಬೇಡ್ವಾ? ಕಟ್ಟಿದ ಸಾಮಾನು ಮತ್ತೆ ಬಿಚ್ಚಿ ಅಡುಗೆ ಮಾಡ್ತಾ ಇದ್ದೇನೆ ನಾನು." ಅಲ್ಲಿ ದೋಣಿಯಲ್ಲಿ ನನ್ನ ಪಾಲಿಲ್ಲ, ಇಲ್ಲಿ ನನ್ನದೆಂಬುದು ಬೇರೆಯವರ ನೆಲದ ಮೇಲೆ ನಿಂತ ಒಂದು ಗೋಡೆ.

ಊರಲ್ಲಿದ್ದಾಗ ಬೆಳಗಾದರೆ ಬಲೆಯಲ್ಲಿ ಬೆಳ್ಳಗೆ ಏನಾದರೂ ಮಿನುಗಲಿ ಎಂದು ದೇವರಿಗೆ ಕೈ ಮುಗಿಯುತ್ತಿದ್ದೆ. ಇಲ್ಲಿ ಮುಖ ತೊಳೆಯುವ ಮೊದಲೇ ಟಾಕಿಯ ಕಡೆ ನಡೆಯುತ್ತೇನೆ. ಬಗ್ಗಿ ನೋಡುವ ಮುಂಚೆ ಅದೇ ದೇವರಿಗೆ ಕೈ ಮುಗಿಯುತ್ತೇನೆ, ನೀರಿನ ಮೇಲೆ ಬೆಳ್ಳಗೆ ಏನೂ ಕಾಣದಿರಲಿ ಎಂದು.