ರಾಗಿ ಹಿಟ್ಟು ಮುಟ್ಟಿದ ಹೊಸ್ತಿಲು

ತಿಂಗಳು ತುಂಬುವ ಮೊದಲೇ ಹುಟ್ಟಿದ ನನ್ನ ಮಗಳು ಹತ್ತು ತಿಂಗಳಾದರೂ ತೆವಳುತ್ತಿರಲಿಲ್ಲ. ಬೋರಲು ಮಲಗಿಸಿದರೆ ಬೆಡ್‌ಶೀಟಿನ ಹೂವಿಗೆ ಕೆನ್ನೆಯಿಟ್ಟು ಸುಮ್ಮನಿರುತ್ತಿದ್ದಳು. ತುಮಕೂರಿನಲ್ಲಿ ನಾವು ತೋರಿಸುತ್ತಿದ್ದ ಫಿಸಿಯೋಥೆರಪಿ ಮೇಡಂ ಒಂದು ಸಣ್ಣ ಹಲಗೆ ಕೊಟ್ಟರು. ಮೇಲೆ ಮೆತ್ತೆ, ಸೊಂಟಕ್ಕೆ ಬೆಲ್ಟು, ಕೆಳಗೆ ಎಲ್ಲ ಕಡೆಗೂ ತಿರುಗುವ ಪುಟ್ಟ ಚಕ್ರಗಳು. ಮಗುವನ್ನು ಅದರ ಮೇಲೆ ಬೋರಲು ಮಲಗಿಸಿದರೆ ಕೈಕಾಲು ನೆಲಕ್ಕೆ ತಾಗುತ್ತವೆ.

"ಚೂರು ಒದ್ರೂ ಮುಂದೆ ಹೋಗುತ್ತೆ. ಒದ್ರೆ ಹೋಗ್ತೀನಿ ಅಂತ ಅವಳಿಗೆ ಗೊತ್ತಾಗ್ಬೇಕು, ಅಷ್ಟೇ. ನೀವು ಮಾತ್ರ ತಳ್ಳಬೇಡಿ" ಎಂದರು ಮೇಡಂ.

ನನಗೆ ನಂಬಿಕೆ ಬರಲಿಲ್ಲ. ಕೆಲಸವೆಲ್ಲ ಚಕ್ರವೇ ಮಾಡಿದರೆ ಮಗು ಕಲಿಯುವುದೇನು? ಗುಬ್ಬಿಯಿಂದ ಬಂದಿದ್ದ ಅತ್ತೆ ಹಲಗೆಯನ್ನು ಮಗುಚಿ ನೋಡಿ, "ಮಗೀನ ಮಣೆಗೆ ಕಟ್ಟಿ ಗಾಡಿ ಮಾಡವ್ರೆ ಬುಡು" ಎಂದರು.

ಮೂರನೆಯ ದಿನ, ಶುಕ್ರವಾರ. ನಾನು ಒಲೆಯ ಮುಂದಿದ್ದೆ. ಮಗುವನ್ನು ನೋಡಿಕೊಳ್ಳುತ್ತಿದ್ದ ಅತ್ತೆ ಕರೆದರು. "ಬಾರಮ್ಮ ಇಲ್ಲಿ, ನಿನ್ ಮಗ್ಳು ಹೊಸ್ತಿಲು ಮುಟ್ಟವ್ಳೆ."

ದೇವರ ಕೋಣೆಯ ಮುಂದೆ ಬಿಟ್ಟಿದ್ದ ಹಲಗೆ ಬೀದಿ ಬಾಗಿಲಿನ ತನಕ ಬಂದಿತ್ತು. ಮಗು ಮೊದಲ ಸಲ ಹೊಸ್ತಿಲು ದಾಟಿದಾಗ ಆ ಹೊಸ್ತಿಲ ಮೇಲೆ ಕಾಯಿ ಒಡೆಯುವುದು ನಮ್ಮಲ್ಲಿ ಪದ್ಧತಿ. ಅತ್ತೆ ಆಗಲೇ ಜುಟ್ಟಿನ ಕಾಯಿ ತಂದಿಟ್ಟುಕೊಂಡಿದ್ದರು.

"ಅತ್ತೆ, ನೀವು ಕಾಲಲ್ಲಿ ತಳ್ಳಲಿಲ್ಲ ತಾನೇ?"

"ನನ್ ಮಂಡೀನೇ ನನ್ ಮಾತು ಕೇಳಲ್ಲ. ಗಾಡಿ ಬೇರೆ ತಳ್ತೀನಾ?"

ಬೆಳಗ್ಗೆ ಹಾಲ್ ತೊಳೆದಿದ್ದೆ. ನೀರು ಯಾರೂ ಗುಡಿಸದಿದ್ದರೂ ಅದೇ ಬಾಗಿಲಿಗೆ ಹರಿದಿತ್ತು. ಅದು ನೆನಪಾಗಿ, ಮಗುವನ್ನು ಅತ್ತೆಯ ತೊಡೆಗೆ ಕೊಟ್ಟು, ರಾಗಿ ಹಿಟ್ಟಿನ ಚೀಲ ತಂದು ಹಲಗೆಗೆ ಬಿಗಿದೆ. ದೇವರ ಕೋಣೆಯ ಮುಂದಿಟ್ಟು ಕೈ ಬಿಟ್ಟೆ. ಅದು ಕೊಂಚ ಯೋಚಿಸುವಂತೆ ನಿಂತು, ಮೆಲ್ಲಗೆ ಹೊರಟು, ಹೊಸ್ತಿಲಿಗೆ ಟಕ್ ಎಂದು ತಾಗಿತು.

"ರಾಗಿ ಹಿಟ್ಗೂ ಕಾಯಿ ಒಡೀಲೇನು?" ಎಂದರು ಅತ್ತೆ. ಇಬ್ಬರಿಗೂ ನಗು ಬರಲಿಲ್ಲ.

ನಾನು ಓದಿದ ಕಾನ್ವೆಂಟಿನಲ್ಲಿ ಕಸೂತಿ ಕಲಿಸುತ್ತಿದ್ದ ಸಿಸ್ಟರ್ ಬಟ್ಟೆಯ ಮೇಲ್ಬದಿ ನೋಡುತ್ತಲೇ ಇರಲಿಲ್ಲ. ತಿರುಗಿಸಿ ಗಂಟು ಹುಡುಕುತ್ತಿದ್ದರು. ನಾನೂ ಹಿಟ್ಟಿನ ಚೀಲ ಬಿಚ್ಚಿ, ಹಲಗೆಯ ದಿಕ್ಕು ತಿರುಗಿಸಿದೆ. ಬಾಗಿಲ ಬಳಿ, ದೇವರ ಕೋಣೆಯ ಕಡೆಗೆ ತಲೆ ಬರುವಂತೆ, ಏರಿಗೆ ಮುಖ ಮಾಡಿ ಮಗಳನ್ನು ಮಲಗಿಸಿದೆ. ಹಲಗೆ ಹಿಂದಕ್ಕೆ ಜಾರಿ, ಅವಳ ಪಾದ ಹೊಸ್ತಿಲಿಗೆ ತಾಗಿತು. ಬಹಳ ಹೊತ್ತಾಯಿತು. ಆಮೇಲೆ ಹಲಗೆ ಒಂದು ಟೈಲ್ಸಿನಷ್ಟು ಮೇಲೇರಿ, ಮತ್ತೆ ಜಾರಿ ಬಂತು.

ನಾನು ಮೊದಲು ನೋಡಿದ್ದು ಅತ್ತೆಯ ಕಾಲನ್ನು. ಗೋಡೆಗೊರಗಿ ದೂರ ಕೂತಿದ್ದರು. ಆಮೇಲೆ ಮಗಳ ಪಾದ ಎತ್ತಿ ನೋಡಿದೆ. ಬೆಳಗ್ಗೆ ನಾನೇ ಹೊಸ್ತಿಲಿಗೆ ಹಚ್ಚಿದ್ದ ಅರಿಶಿನ, ಐದು ಬೆರಳಿಗೂ ಒತ್ತಿಕೊಂಡಿತ್ತು.

ಹೊಸ್ತಿಲಿಗೆ ನನ್ನ ಕಾಲು ಸೋಕಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಹೇಳುವ ಅತ್ತೆ, ಕಾಯಿಯನ್ನು ಪಕ್ಕಕ್ಕಿಟ್ಟು ಮುಂದೆ ಬಗ್ಗಿದರು.

"ಇನ್ನೊಂದ್ಸಲ ಒದಿ ಕಣವ್ವ."