ಹಂತದ ಕೆಳಗಿನ ಎಚ್ಚರಿಕೆ

ಚೆನ್ನೈನ ಅಂಬತ್ತೂರಿನ ಆಫೀಸಿನಲ್ಲಿ ಹಳೆಯ ಯಂತ್ರಗಳ ಕೈಪಿಡಿ ಬಿಡಿಸಿ, ಇದು ಹಂತ, ಇದು ಎಚ್ಚರಿಕೆ, ಇದು ಬಿಡಿಭಾಗ ಎಂದು ಸಾಲುಸಾಲಿಗೂ ಗುರುತು ಹಾಕಿ ಕಂಪ್ಯೂಟರಿಗೆ ಒಪ್ಪಿಸುವ ಕೆಲಸದಲ್ಲಿ, ಏನೂ ಓದದೆ ದಿನಕ್ಕೆ ಅರವತ್ತು ಪುಟ ಮುಗಿಸಿ ಜಾಣನೆನಿಸಿಕೊಂಡವನು ಇಳಂಗೋ. ಎಲ್ಲವನ್ನೂ ಓದಿ ಇಪ್ಪತ್ತಕ್ಕೇ ನಿಲ್ಲುವವರು ತಿಲಕವತಿ ಅಕ್ಕ. ಅಕ್ಕನ ಬುತ್ತಿಯಲ್ಲಿ ಸಾಂಬಾರು ಪಲ್ಯಕ್ಕೆ ತಾಗುವಂತಿಲ್ಲ. ಮದುವೆಯ ಕರೆಯೋಲೆ ಕೊಟ್ಟರೂ ಶೀರ್ಷಿಕೆ ಯಾವುದು, ಅಡಿಟಿಪ್ಪಣಿ ಯಾವುದು ಎಂದು ಪೆನ್ಸಿಲಿನಲ್ಲಿ ಗೆರೆ ಎಳೆದೇ ಹರಸುತ್ತಾರೆ. ಮೂಲದಲ್ಲಿ ಹಂತದ ಕೆಳಗೆ ಎಚ್ಚರಿಕೆ ಬಂದರಂತೂ ಕೈ ಕಟ್ಟಿ ಕೂತು, ಅದನ್ನು ಮೇಲಕ್ಕೆ ತರಲು ಅಪ್ಪಣೆ ಕೇಳಿ ಗ್ರಾಹಕರಿಗೆ ಪತ್ರ ಬರೆಯುತ್ತಾರೆ. ಇನ್ನೊಂದು ಗಡುವು ತಪ್ಪಿದರೆ ಅವರಿಗೆ ಕೆಲಸವಿಲ್ಲವೆಂದು ಮ್ಯಾನೇಜರು ಹೇಳಿಹೋದ ಮಧ್ಯಾಹ್ನವೂ ಅಕ್ಕ ಅಂಥದೇ ಪತ್ರ ಬರೆಯುತ್ತಿದ್ದರು. “ಇದ್ದಂಗೇ ಹಾಕ್ಬಿಡಿ ಅಕ್ಕಾ, ನಾನೇ ಓದಲ್ಲ, ಇನ್ಯಾರ್ ಓದ್ತಾರೆ?” ಎಂದ ಇಳಂಗೋ. “ನಮ್ಮನೆಯವ್ರು ಓದಿದ್ರು ತಂಬಿ,” ಎಂದರು ಅಕ್ಕ, ತಲೆಯೆತ್ತದೆ. “ಮಿಲ್ಲಲ್ಲಿ ಬಾಯ್ಲರ್ ನೋಡ್ಕೋತಿದ್ರು. ಮುಚ್ಚಳ ಬಿಚ್ಚು ಅಂತಿತ್ತು, ಬಿಚ್ಚಿದ್ರು. ಮೊದ್ಲು ಆವಿ ಇಳಿಸು ಅನ್ನೋದು ಮುಂದಿನ ಪುಟದಲ್ಲಿತ್ತು.” ಇಳಂಗೋ ಕುರ್ಚಿ ಎಳೆದುಕೊಂಡು ಬಂದು, ಪತ್ರದ ಕೊನೆಯಲ್ಲಿ ಅಕ್ಕನ ಹೆಸರಿನ ಪಕ್ಕ ತನ್ನ ಹೆಸರನ್ನೂ ಟೈಪಿಸಿದ.